ಕಣ್ಣಿನ ವೈದ್ಯರಿಗೊಂದು ಸಂಘವೇಕೆ?

ಕೆಲವು ದಶಕಗಳ ಹಿಂದೆ, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅಜ್ಜ-ಅಜ್ಜಿಯರನ್ನು ಅವರ ಸೋಡಾಬುಡ್ಡಿ ಕನ್ನಡಕದಿಂದಲೇ ಗುರುತಿಸಬಹುದಿತ್ತು. ಮಂಜಾದ ಮಸೂರವನ್ನು ವೈದ್ಯರು ತೆಗೆದುಹಾಕುತ್ತಿದ್ದರು. ಅದರ ಕೆಲಸವನ್ನು ಆ ದಪ್ಪ ಗಾಜು ಮಾಡಬೇಕಿತ್ತು. ಇಂದು ಅಂಥ ಕನ್ನಡಕ ಅಪರೂಪ. ಕಣ್ಣಿನೊಳಗೇ ಕೃತಕ ಮಸೂರ ಕೂರಿಸುತ್ತಾರೆ. 1949ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ವಿದ್ಯೆ ನಮ್ಮ ಜಿಲ್ಲಾಸ್ಪತ್ರೆಗಳನ್ನು ತಲುಪಿದ್ದು ಹೇಗೆ? ಇದರಲ್ಲಿ ನೇತ್ರವೈದ್ಯರ ಸಂಘಗಳ ಪಾಲು ದೊಡ್ಡದು.

ಸಂಘಗಳ ಹುಟ್ಟು

1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ನೇತ್ರದರ್ಶಕವನ್ನು ರೂಪಿಸಿದ. ಜೀವಂತ ಕಣ್ಣಿನ ಒಳಭಾಗ ವೈದ್ಯರಿಗೆ ಸ್ಪಷ್ಟವಾಗಿ ಕಂಡದ್ದು ಆಗಲೇ. ಕಂಡದ್ದನ್ನು ಪರಸ್ಪರ ಹೋಲಿಸಿ ನೋಡಬೇಕಲ್ಲವೇ? 1857ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಅಂತರರಾಷ್ಟ್ರೀಯ ನೇತ್ರವಿಜ್ಞಾನ ಸಮ್ಮೇಳನ ಸೇರಿತು. 1880ರಲ್ಲಿ ವಿಲಿಯಂ ಬೌಮನ್ ಅಧ್ಯಕ್ಷತೆಯಲ್ಲಿ ಬ್ರಿಟನ್ನಿನ ಸಂಘ ಸ್ಥಾಪನೆಯಾಯಿತು.

ನಮ್ಮಲ್ಲಿ ಆಸ್ಪತ್ರೆಗಳು ಮೊದಲು ಬಂದವು. ಮದರಾಸಿನ ಕಣ್ಣಾಸ್ಪತ್ರೆ 1819ರದು. ಬೆಂಗಳೂರಿನ ಮಿಂಟೋ ಆಸ್ಪತ್ರೆಯ ಮೂಲ 1896ರಷ್ಟು ಹಿಂದಿನದು. ಆದರೆ ಒಂದೂರಿನ ವೈದ್ಯರ ಅನುಭವ ಇನ್ನೊಂದೂರಿಗೆ ತಿಳಿಯಲು ವೇದಿಕೆ ಬೇಕಿತ್ತು. 1930ರಲ್ಲಿ ಹುಟ್ಟಿದ ಆಲ್ ಇಂಡಿಯಾ ಆಫ್ತಾಲ್ಮಾಲಜಿಕಲ್ ಸೊಸೈಟಿ ಆ ಕೊರತೆಯನ್ನು ತುಂಬಿತು. 1953ರಲ್ಲಿ ಅದು ತನ್ನದೇ ಪತ್ರಿಕೆಯನ್ನು ಆರಂಭಿಸಿತು. 1962ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ನವದೆಹಲಿಯಲ್ಲೇ ನಡೆಯಿತು. ಇಂದು ಸಂಘದ ಸದಸ್ಯರ ಸಂಖ್ಯೆ 20 ಸಾವಿರವನ್ನು ಮೀರಿದೆ.

ಸಂದೇಹವೂ ಬೇಕು, ಸಹನೆಯೂ ಬೇಕು

ಸಂಘಗಳು ಹೊಸತನ್ನು ಯಾವಾಗಲೂ ತೆರೆದ ತೋಳುಗಳಿಂದ ಸ್ವಾಗತಿಸುತ್ತವೆ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಕೆಲವು ವಿಮಾನ ಚಾಲಕರ ಕಣ್ಣಿಗೆ ಪರ್ಸ್ಪೆಕ್ಸ್ ಪ್ಲಾಸ್ಟಿಕ್ಕಿನ ಚೂರುಗಳು ಸಿಡಿದು ಹೊಕ್ಕಿದ್ದವು. ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಹೆರಾಲ್ಡ್ ರಿಡ್ಲೆ ಗಮನಿಸಿದರು. ಅದೇ ವಸ್ತುವಿನಿಂದ ಮಸೂರ ಮಾಡಿಸಿ, 1949ರ ನವೆಂಬರ್‌ನಲ್ಲಿ ರೋಗಿಯೊಬ್ಬರ ಕಣ್ಣಿನಲ್ಲಿಟ್ಟರು. 1951ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ಈ ವಿಷಯ ಮಂಡಿಸಿದಾಗ ಹಿರಿಯರಿಂದ ತೀವ್ರ ವಿರೋಧ ಬಂತು. ಕಣ್ಣಿಗೆ ಬಿದ್ದ ಹೊರಗಿನ ವಸ್ತುವನ್ನು ತೆಗೆಯುವುದೇ ವೈದ್ಯರ ಕೆಲಸ, ಇಡುವುದಲ್ಲ ಎಂಬುದು ಅಂದಿನ ನಂಬಿಕೆ. ಆರಂಭದ ಮಸೂರಗಳಿಂದ ತೊಂದರೆಗಳೂ ಆದವು. ಹಾಗಾಗಿ ಆ ಸಂದೇಹವೆಲ್ಲ ಬರೀ ಹಟವಾಗಿರಲಿಲ್ಲ. ರಿಡ್ಲೆ ಸುಮ್ಮನಾಗಲಿಲ್ಲ. 1966ರಲ್ಲಿ ಪೀಟರ್ ಚಾಯ್ಸ್ ಜೊತೆಗೂಡಿ, ಈ ಮಸೂರದಲ್ಲಿ ಆಸಕ್ತಿಯುಳ್ಳವರ ಹೊಸ ಸಂಘವನ್ನೇ ಕಟ್ಟಿದರು. ಅನುಭವ ಬೆಳೆಯಿತು, ಮಸೂರಗಳು ಸುಧಾರಿಸಿದವು, ವಿರೋಧ ಕರಗಿತು. 2000ದಲ್ಲಿ ರಿಡ್ಲೆಯವರಿಗೆ 'ಸರ್' ಪದವಿ ಸಂದಿತು.

ಭಾರತದ ಸಮಸ್ಯೆ ಬೇರೆಯೇ ಇತ್ತು: ರೋಗಿಗಳು ಅಪಾರ, ಮಸೂರ ದುಬಾರಿ. ಡಾ. ಎಂ.ಸಿ. ಮೋದಿಯವರಂಥವರು ಊರೂರುಗಳಲ್ಲಿ ಶಿಬಿರ ನಡೆಸಿ ಸಾವಿರಾರು ಜನರಿಗೆ ಬೆಳಕು ಕೊಟ್ಟರು. 1992ರಲ್ಲಿ ಮಧುರೆಯ ಆರೋಲ್ಯಾಬ್ ದೇಶದಲ್ಲೇ ಮಸೂರ ತಯಾರಿಸತೊಡಗಿದ ಮೇಲೆ ಬೆಲೆ ಬಹಳಷ್ಟು ಇಳಿಯಿತು. ಮಸೂರ ಅಗ್ಗವಾದರೆ ಸಾಲದು. ಅದನ್ನು ಕೂರಿಸುವ ಕೈಗಳಿಗೆ ತರಬೇತಿಯೂ ಬೇಕಷ್ಟೆ. ವಾರ್ಷಿಕ ಸಮ್ಮೇಳನ, ಪತ್ರಿಕೆ, ಕಮ್ಮಟಗಳ ಉಪಯೋಗ ಇಲ್ಲಿದೆ. ರಾಜ್ಯ ಮಟ್ಟದಲ್ಲಿ ಕರ್ನಾಟಕ ಆಫ್ತಾಲ್ಮಿಕ್ ಸೊಸೈಟಿ ಇಂಥ ಕೆಲಸ ಮಾಡುತ್ತಿದೆ.

ವಿದ್ಯಾರ್ಥಿಗಳಿಗೆ, ಪೋಷಕರಿಗೆ

ಸಂಘದ ಸದಸ್ಯತ್ವ ಬೇರೆ, ವೈದ್ಯ ವೃತ್ತಿಯ ಪರವಾನಗಿ ಬೇರೆ. ವೈದ್ಯರನ್ನು ನೋಂದಾಯಿಸುವುದು ವೈದ್ಯಕೀಯ ಪರಿಷತ್ತು. ನೇತ್ರತಜ್ಞರಾಗಬಯಸುವವರು ಎಂಬಿಬಿಎಸ್ ಮುಗಿಸಿ, ಮೂರು ವರ್ಷಗಳ ಎಂ.ಎಸ್. ನಂಥ ಸ್ನಾತಕೋತ್ತರ ಶಿಕ್ಷಣ ಪಡೆಯಬೇಕು. ದೃಷ್ಟಿ ಪರೀಕ್ಷಿಸಿ ಕನ್ನಡಕ ಸೂಚಿಸುವ ಆಪ್ಟೋಮೆಟ್ರಿ ಪ್ರತ್ಯೇಕ ವೃತ್ತಿ. ಭೌತಶಾಸ್ತ್ರದ ಬೆಳಕಿನ ಪಾಠ ಇಬ್ಬರಿಗೂ ಬುನಾದಿ.

ಪೋಷಕರು ಒಂದು ಮಾತು ನೆನಪಿಡಬೇಕು. ಕೆಲವು ಮಕ್ಕಳಲ್ಲಿ ಒಂದು ಕಣ್ಣು ಮಂದವಾಗಿದ್ದರೂ ಇನ್ನೊಂದು ಚೆನ್ನಾಗಿ ಕಾಣುವುದರಿಂದ ದೋಷ ಮನೆಯವರಿಗೆ ತಿಳಿಯುವುದಿಲ್ಲ. ಇಂಥ 'ಸೋಮಾರಿ ಕಣ್ಣಿ'ಗೆ ಚಿಕ್ಕ ವಯಸ್ಸಿನಲ್ಲೇ ಚಿಕಿತ್ಸೆ ಕೊಟ್ಟರೆ ಗುಣ ಹೆಚ್ಚು, ತಡವಾದಷ್ಟೂ ಕಷ್ಟ. ಆದ್ದರಿಂದ ಮಗುವನ್ನು ಶಾಲೆಗೆ ಸೇರಿಸುವ ಮುನ್ನವೇ ಎರಡೂ ಕಣ್ಣುಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿರಿ. ನೂರಾರು ವೈದ್ಯರು ಕೂಡಿ ಗಳಿಸಿದ ಜ್ಞಾನ ಹತ್ತಿರದ ಆಸ್ಪತ್ರೆಯವರೆಗೆ ಬಂದಿದೆ. ಅಲ್ಲಿಗೆ ಮಗುವನ್ನು ಕರೆದೊಯ್ಯುವ ಕೆಲಸ ಮಾತ್ರ ನಮ್ಮದು.