ಜೀವಕೋಶ ಯಾಕೆ ಅಷ್ಟು ಚಿಕ್ಕದು?

ವಿಸರಣೆ ಪಾಠ ಎಂದರೆ ಊದುಬತ್ತಿ. ಮೇಷ್ಟ್ರು ಮೇಜಿನ ಮೇಲೆ ಒಂದು ಕಡ್ಡಿ ಹಚ್ಚುತ್ತಾರೆ, ಕೊನೆಯ ಬೆಂಚಿನವರು ಅರ್ಧ ನಿಮಿಷದಲ್ಲಿ ಕೈಯೆತ್ತುತ್ತಾರೆ. ‘ಸಾರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅಣುಗಳ ಚಲನೆಯೇ ವಿಸರಣೆ’ ಎಂದು ಬೋರ್ಡಿನ ಮೇಲೆ ಬರೆದರೆ ಪಾಠ ಮುಗಿಯಿತು. ಈ ಉದಾಹರಣೆ ನನಗೆ ಒಪ್ಪಿಗೆಯಿಲ್ಲ. ಪರಿಮಳವನ್ನು ಅಷ್ಟು ಬೇಗ ಹಿಂದಕ್ಕೆ ಒಯ್ದದ್ದು ಕಿಟಕಿಯ ಗಾಳಿ, ಫ್ಯಾನು, ಬಿಸಿಗೆ ಮೇಲೆದ್ದ ಹೊಗೆ. ಗಾಳಿ ಒಂಚೂರೂ ಅಲುಗದ ಕೋಣೆಯಲ್ಲಿ ಬರೀ ವಿಸರಣೆಯನ್ನೇ ನಂಬಿ ಕೂತರೆ, ಪರಿಮಳ ಐದು ಮೀಟರ್ ದಾಟುವಷ್ಟರಲ್ಲಿ ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಮನೆ ಸೇರಿರುತ್ತಾರೆ.

ಆ ವ್ಯಾಖ್ಯೆಯ ‘ಕಡೆಗೆ’ ಎಂಬ ಮಾತೂ ಮಕ್ಕಳ ದಾರಿ ತಪ್ಪಿಸುತ್ತದೆ. ಎಲ್ಲಿ ಜಾಗ ಖಾಲಿಯಿದೆ ಎಂಬುದು ಅಣುವಿಗೆ ಗೊತ್ತೇ ಇಲ್ಲ. ಸುತ್ತಲಿನ ಅಣುಗಳು ಗುದ್ದಿದತ್ತ ಅದು ತೂರಾಡುತ್ತದೆ, ಅಷ್ಟೇ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೀರಿನಲ್ಲಿ ಸಣ್ಣ ಕಣಗಳು ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಅದಕ್ಕೆ ಈ ಗುದ್ದಾಟವೇ ಕಾರಣವೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಶಾಲೆಯ ಅಂಗಳದಲ್ಲಿ ಗೆರೆ ಎಳೆದು, ಮೂವತ್ತು ಮಕ್ಕಳನ್ನು ಗೆರೆಯ ಈಚೆ ಬದಿಗೆ ನಿಲ್ಲಿಸಿ. ಪ್ರತಿಯೊಬ್ಬರೂ ನಾಣ್ಯ ಚಿಮ್ಮಲಿ: ತಲೆ ಬಿದ್ದರೆ ಮುಂದೆ ಒಂದು ಹೆಜ್ಜೆ, ಬಾಲ ಬಿದ್ದರೆ ಹಿಂದೆ ಒಂದು ಹೆಜ್ಜೆ. ಇಪ್ಪತ್ತು ಸಲ ಚಿಮ್ಮುವ ಹೊತ್ತಿಗೆ ಸುಮಾರು ಮಂದಿ ಗೆರೆಯಾಚೆ ಇರುತ್ತಾರೆ. ಯಾರೂ ಎಳೆಯಲಿಲ್ಲ, ಯಾರೂ ತಳ್ಳಲಿಲ್ಲ. ಈಚೆ ಬದಿಯಲ್ಲಿ ಜನ ಹೆಚ್ಚಿದ್ದರು, ಹಾಗಾಗಿ ದಾಟಿದವರೂ ಹೆಚ್ಚು.

ಹೀಗೆ ತೂರಾಡುವವರ ಪ್ರಯಾಣದ ಲೆಕ್ಕ ಬಹಳ ಕಠಿಣ. ದೂರ ಹತ್ತು ಪಟ್ಟಾದರೆ ಹಿಡಿಯುವ ಸಮಯ ನೂರು ಪಟ್ಟು. ನೀರಿನಲ್ಲಿ ಆಮ್ಲಜನಕದ ಅಣು 10 ಮೈಕ್ರೋಮೀಟರ್ ಸಾಗಲು, ಅಂದರೆ ಸಾಧಾರಣ ಪ್ರಾಣಿಕೋಶವೊಂದನ್ನು ದಾಟಲು, ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ, ಒಂದು ಸೆಂಟಿಮೀಟರಿಗೆ 7 ಗಂಟೆ. ಒಂದು ಮೀಟರಿಗೆ? ಸುಮಾರು 8 ವರ್ಷ. ರಕ್ತವೇ ಹರಿಯದಿದ್ದರೆ, ಒಂದನೇ ತರಗತಿಯಲ್ಲಿ ಎಳೆದ ಉಸಿರು ಕಾಲ್ಬೆರಳನ್ನು ಮುಟ್ಟುವಾಗ ಹುಡುಗ ಒಂಬತ್ತನೇ ತರಗತಿಯಲ್ಲಿರುತ್ತಿದ್ದ.

ಇದನ್ನು ಕಣ್ಣಿಗೆ ಕಾಣಿಸಲು ಅಡುಗೆಮನೆಯೇ ಸಾಕು. ಚೈನಾ ಗ್ರಾಸ್ ಕುದಿಸಿ, ಅರಿಶಿನ ಕಲಸಿ, ಗಟ್ಟಿಯಾಗಲು ಬಿಡಿ. ಅದರಿಂದ 1, 2, 3 ಸೆಂಟಿಮೀಟರ್ ಅಳತೆಯ ಮೂರು ಘನಾಕೃತಿ ಕೊಯ್ದು ಸುಣ್ಣದ ತಿಳಿನೀರಿನಲ್ಲಿ ಮುಳುಗಿಸಿಡಿ. ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆಯ ಓಕುಳಿ ನೋಡಿದ ಮಕ್ಕಳಿಗೆಲ್ಲ ಗೊತ್ತು. ಒಂದೆರಡು ಗಂಟೆ ಬಿಟ್ಟು ಮೂರನ್ನೂ ನಡುವೆ ಸೀಳಿ ನೋಡಿ: ಹೊರಗೆ ಕೆಂಪು ಅಂಚು, ಒಳಗೆ ಹಳದಿ ತಿರುಳು. ಕೆಂಪು ಇಳಿದ ಆಳ ಮೂರರಲ್ಲೂ ಹೆಚ್ಚುಕಡಿಮೆ ಒಂದೇ. ಅದು 3 ಮಿಲಿಮೀಟರ್ ಎಂದಿಟ್ಟುಕೊಂಡರೆ, ಚಿಕ್ಕ ತುಂಡಿನಲ್ಲಿ ಹಳದಿ ಉಳಿಯುವುದು ನೂರಕ್ಕೆ 6 ಭಾಗ, ನಡುವಿನದರಲ್ಲಿ 34, ದೊಡ್ಡದರಲ್ಲಿ 51. ಸುಣ್ಣದ ಬದಲು ಆಮ್ಲಜನಕ ಎಂದುಕೊಳ್ಳಿ. ಆ ಹಳದಿ ತಿರುಳು ಉಸಿರು ತಲುಪದ ಜಾಗ. ಕೋಶ ಉಬ್ಬುತ್ತಾ ಹೋಗದೆ ಒಡೆದು ಎರಡಾಗುವುದೇಕೆ ಎಂದು ಆಗ ಕೇಳಿ. ಉತ್ತರ ಮಕ್ಕಳ ಕೈಯಲ್ಲೇ ಇರುತ್ತದೆ.

ನಮ್ಮ ದೇಹ ದೂರದ ಕೆಲಸವನ್ನೆಲ್ಲ ಹೃದಯಕ್ಕೆ ಬಿಟ್ಟು, ಕೊನೆಯ ಕೂದಲೆಳೆಯಷ್ಟು ದೂರವನ್ನು ಮಾತ್ರ ವಿಸರಣೆಗೆ ಉಳಿಸಿಕೊಂಡಿದೆ. ಶ್ವಾಸಕೋಶದ ಗಾಳಿಗೂಡಿಗೂ ರಕ್ತಕ್ಕೂ ನಡುವಿನ ಗೋಡೆ ಬಹುತೇಕ ಕಡೆ ಒಂದು ಮೈಕ್ರೋಮೀಟರಿಗಿಂತ ತೆಳು. ಕೆಂಪು ರಕ್ತಕಣ ಅಲ್ಲಿನ ಲೋಮನಾಳದಲ್ಲಿ ಇರುವುದು ಮುಕ್ಕಾಲು ಸೆಕೆಂಡು ಮಾತ್ರ. ಆರೋಗ್ಯವಂತರಲ್ಲಿ ಅದರ ಮೂರನೇ ಒಂದು ಭಾಗದಲ್ಲೇ ಆಮ್ಲಜನಕ ತುಂಬಿಕೊಳ್ಳುತ್ತದೆ.

ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ಕೋರಿಕೆ ಇಷ್ಟೇ. ಈ ವರ್ಷ ಆ ಪಾಠ ಬಂದಾಗ ಊದುಬತ್ತಿಯ ಜೊತೆ ಅರಿಶಿನ, ಸುಣ್ಣವನ್ನೂ ತನ್ನಿ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಆದರೆ ತುಂಡನ್ನು ಸೀಳುವ ಕೆಲಸ ಮಾತ್ರ ಮಕ್ಕಳಿಗೇ ಬಿಡಿ.