ಸಣ್ಣ ಅಂಗಡಿಯಲ್ಲಿ ಡಿಜಿಟಲ್ ಪಾವತಿ: ಸ್ವೀಕಾರ ಮತ್ತು ಹಿಂಜರಿಕೆ

ಹೊಸ ತಂತ್ರಜ್ಞಾನವು ದೊಡ್ಡ ಉದ್ಯಮಗಳನ್ನು ತಲುಪಿದಷ್ಟು ಸುಲಭವಾಗಿ ಸಣ್ಣ ವ್ಯಾಪಾರಿಗಳನ್ನು ತಲುಪುವುದಿಲ್ಲ. ಬಂಡವಾಳ, ಕಲಿಯಲು ಬಿಡುವು, ನಷ್ಟವನ್ನು ತಾಳಿಕೊಳ್ಳುವ ಶಕ್ತಿ ಇವು ಮೂರೂ ಅವರಲ್ಲಿ ಮಿತವಾಗಿರುತ್ತವೆ. ಆದರೂ ತರಕಾರಿ ಗಾಡಿಯಿಂದ ಕಿರಾಣಿ ಅಂಗಡಿಯವರೆಗೆ ಕ್ಯೂಆರ್ ಫಲಕವು ಇಂದು ಸಾಮಾನ್ಯ ದೃಶ್ಯವಾಗಿದೆ. ಇದರ ಹಿಂದಿನ ಕಾರಣಗಳು ಗಮನಾರ್ಹವಾಗಿವೆ.

ಮೊದಲನೆಯದು ವೆಚ್ಚ. ಕಾರ್ಡಿನ ಮೂಲಕ ಹಣ ಪಡೆಯಲು ಸಾಮಾನ್ಯವಾಗಿ ಯಂತ್ರ ಬೇಕು. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಗೆ ಮುದ್ರಿತ ಕಾಗದವೊಂದು ಸಾಕು. 2020ರ ಜನವರಿ 1ರಿಂದ, ಗಿರಾಕಿಯ ಬ್ಯಾಂಕ್ ಖಾತೆಯಿಂದ ನೇರವಾಗಿ ಬರುವ ಯುಪಿಐ ಹಣಕ್ಕೆ ವ್ಯಾಪಾರಿ ರಿಯಾಯಿತಿ ಶುಲ್ಕವೂ ಇಲ್ಲ.

ಎರಡನೆಯದು ಗಿರಾಕಿಗಳ ಒತ್ತಾಯ. 2016ರ ನವೆಂಬರಿನ ನೋಟು ಅಮಾನ್ಯೀಕರಣ ಹಾಗೂ 2020ರ ಕೋವಿಡ್ ಪಿಡುಗು ನಗದಿಲ್ಲದ ವ್ಯವಹಾರವನ್ನು ರೂಢಿಗೆ ತಂದವು. ಫಲಕವಿಲ್ಲದ ಅಂಗಡಿಯ ಗಿರಾಕಿ ಪಕ್ಕದ ಅಂಗಡಿಗೆ ಹೋಗುವಂತಾಯಿತು.

ಮೂರನೆಯದು ಸಾಲದ ಸೌಲಭ್ಯ. 2020ರ ಜೂನ್‌ನಲ್ಲಿ ಜಾರಿಗೆ ಬಂದ ಪಿಎಂ ಸ್ವನಿಧಿ ಯೋಜನೆಯು ಬೀದಿ ವ್ಯಾಪಾರಿಗಳಿಗೆ ಜಾಮೀನಿಲ್ಲದೆ 10,000 ರೂಪಾಯಿಗಳ ಮೊದಲ ಸಾಲವನ್ನು ಒದಗಿಸಿ, ಡಿಜಿಟಲ್ ವ್ಯವಹಾರಕ್ಕೆ ಪ್ರೋತ್ಸಾಹಧನವನ್ನೂ ನೀಡಿತು. 2025ರಲ್ಲಿ ಮೊದಲ ಸಾಲದ ಮೊತ್ತವನ್ನು 15,000 ರೂಪಾಯಿಗಳಿಗೆ ಏರಿಸಲಾಯಿತು.

ಇವೆಲ್ಲಕ್ಕೂ ಆಧಾರವಾದುದು ನಂಬಿಕೆ. ಹಣ ಬಂದಿತೇ ಎಂಬ ಸಂದೇಹವನ್ನು, ಮೊತ್ತವನ್ನು ಗಟ್ಟಿಯಾಗಿ ಹೇಳುವ ಸೌಂಡ್ ಬಾಕ್ಸ್ ಬಹುಮಟ್ಟಿಗೆ ನಿವಾರಿಸಿತು. ಹಣ ಪಡೆಯಲು ಪಿನ್ ಸಂಖ್ಯೆ ಬೇಕಿಲ್ಲ. ಪಿನ್ ಕೇಳಿದರೆ ಅದು ಹಣ ಹೋಗುವ ಸೂಚನೆ. ವಂಚನೆಗೆ ಒಳಗಾದವರು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು.

ನಂಬಿಕೆ ಅಲುಗಿದರೆ ಅಳವಡಿಕೆಯೂ ಹಿಂದೆ ಸರಿಯುತ್ತದೆ. 2025ರ ಜುಲೈನಲ್ಲಿ, ಯುಪಿಐ ಜಮೆಗಳನ್ನು ಆಧರಿಸಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ನೋಟಿಸು ನೀಡಿದಾಗ ಬೆಂಗಳೂರಿನ ಕೆಲವು ವ್ಯಾಪಾರಿಗಳು ಫಲಕವನ್ನೇ ತೆಗೆದು ನಗದಿಗೆ ಮರಳಿದರು. ವಾಸ್ತವವಾಗಿ ಜಿಎಸ್‌ಟಿ ನೋಂದಣಿಯ ಮಿತಿ ವಾರ್ಷಿಕ ವಹಿವಾಟಿಗೆ ಸಂಬಂಧಿಸಿದ್ದು. ಹಣ ನಗದಾಗಿ ಬಂದರೂ ಯುಪಿಐ ಮೂಲಕ ಬಂದರೂ ಲೆಕ್ಕ ಒಂದೇ. ಸರಕು ಮಾತ್ರ ಮಾರುವವರಿಗೆ ಈ ಮಿತಿ ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು ಹಾಗೂ ದೆಹಲಿಗಳಲ್ಲಿ ಸಾಮಾನ್ಯವಾಗಿ 40 ಲಕ್ಷ ರೂಪಾಯಿ. ತೆಲಂಗಾಣದಲ್ಲಿ 20 ಲಕ್ಷ. ಸೇವೆಗಳಿಗೆ ಈ ಐದೂ ಕಡೆ 20 ಲಕ್ಷ. ತಾಜಾ ತರಕಾರಿಯಂತಹ ವಿನಾಯಿತಿ ಪಡೆದ ಸರಕುಗಳನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ.

ಆದುದರಿಂದ ವ್ಯಾಪಾರಿಗಳು ಖರೀದಿ ಮತ್ತು ಮಾರಾಟದ ಲೆಕ್ಕವನ್ನು ಬರೆದಿಡುವುದು, ಮನೆಯ ಹಣಕ್ಕೂ ಅಂಗಡಿಯ ಹಣಕ್ಕೂ ಬೇರೆ ಬೇರೆ ಖಾತೆ ಇರಿಸಿಕೊಳ್ಳುವುದು ಹಿತಕರ. ಅಗ್ಗದ ಸಾಧನವು ತಂತ್ರಜ್ಞಾನವನ್ನು ಅಂಗಡಿಯ ಬಾಗಿಲಿಗೆ ತರಬಲ್ಲದು. ಅದು ಅಲ್ಲಿ ನೆಲೆಯೂರಬೇಕಾದರೆ ನಿಯಮಗಳ ಸ್ಪಷ್ಟ ತಿಳಿವಳಿಕೆ ವ್ಯಾಪಾರಿಗೆ ಅವನ ಭಾಷೆಯಲ್ಲಿಯೇ ದೊರೆಯಬೇಕು.