ನಿಮಗಿದು ಗೊತ್ತೆ? ಮತ್ತೆ ಬೆಳೆಯುವ ಲಿವರ್

ಲಿವರ್ ಕಸಿಗೆ ಸಾಮಾನ್ಯವಾಗಿ 6ರಿಂದ 12 ಗಂಟೆ ಹಿಡಿಯುತ್ತದೆ. ಪೂರ್ಣ ಅರಿವಳಿಕೆ ಕೊಡುವುದರಿಂದ ರೋಗಿಗೆ ನೋವಾಗಲಿ, ಹೊತ್ತು ಸರಿದದ್ದಾಗಲಿ ತಿಳಿಯದು. ಕೆಟ್ಟ ಲಿವರನ್ನು ಪೂರ್ತಿ ತೆಗೆದು, ಹೊಸದರ ರಕ್ತನಾಳಗಳನ್ನು ಹೊಲಿದು ಜೋಡಿಸುತ್ತಾರೆ. ರಕ್ತ ಹರಿಯಬಿಟ್ಟೊಡನೆ ಮಂಕಾಗಿದ್ದ ಅಂಗ ಕೆಂಪೇರುತ್ತದೆ. ಎಷ್ಟೋ ಸಲ ಪಿತ್ತರಸ ಒಸರುವುದು ಶಸ್ತ್ರಚಿಕಿತ್ಸೆ ಮುಗಿಯುವ ಮೊದಲೇ ಶುರು! ಎಚ್ಚರವಾಗುವುದು ಐಸಿಯುನಲ್ಲಿ. ಗಂಟಲಲ್ಲಿ ಉಸಿರಾಟದ ಕೊಳವೆ ಇದ್ದರೆ ಮಾತಾಡಲಾಗದು, ಮನೆಯವರು ಗಾಬರಿಯಾಗಬೇಕಿಲ್ಲ. ಬದುಕಿರುವ ದಾನಿ ಲಿವರಿನ ಒಂದು ಭಾಗ ಕೊಟ್ಟರೆ, ಕೆಲವೇ ತಿಂಗಳಲ್ಲಿ ಇಬ್ಬರಲ್ಲೂ ಅದು ಬಹುಪಾಲು ಪೂರ್ಣ ಗಾತ್ರಕ್ಕೆ ಬೆಳೆಯುತ್ತದೆ. ಬೇರಾವ ಒಳಾಂಗಕ್ಕೂ ಇಷ್ಟು ಶಕ್ತಿಯಿಲ್ಲ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ನುಂಗುವ ಮಾತ್ರೆಗಳು ಮಾತ್ರ ಸಾಮಾನ್ಯವಾಗಿ ಜೀವನಪೂರ್ತಿ. ವೈದ್ಯರನ್ನು ಕೇಳದೆ ಅವನ್ನು ಒಂದು ದಿನವೂ ನಿಲ್ಲಿಸಬೇಡಿ.